ಗೇರ್ ಇಳಿಸುವಾಗ ಕಾರು ಜರ್ಕ್ ಹೊಡೆಯದಂತೆ ಓಡಿಸುವುದು ಹೇಗೆ?

"ಗೇರ್ ಏರಿಸುವಾಗ ಏನೂ ಗೊತ್ತಾಗಲ್ಲ, ಇಳಿಸುವಾಗ ಮಾತ್ರ ಗಾಡಿ ಜರ್ಕ್ ಹೊಡೆಯುತ್ತೆ, ಏನ್ಮಾಡೋದು?" ಹೊಸದಾಗಿ ಲೈಸೆನ್ಸ್ ತೆಗೆದುಕೊಂಡವರು ಇದನ್ನು ಕೇಳುತ್ತಾರೆ, ವರ್ಷಗಟ್ಟಲೆ ಓಡಿಸಿದವರೂ ಕೇಳುತ್ತಾರೆ. ಮೊದಲ ಸಲ ಘಾಟಿ ಇಳಿಯಲು ಹೊರಟವರಂತೂ ತಪ್ಪದೆ ಕೇಳುತ್ತಾರೆ. ಸಾಮಾನ್ಯವಾಗಿ ಸಿಗುವ ಉತ್ತರ "ಕ್ಲಚ್ ನಿಧಾನ ಬಿಡಿ" ಅಂತ. ಅದು ಅರ್ಧ ಉತ್ತರ. ನಿಧಾನ ಬಿಟ್ಟರೆ ಜರ್ಕ್ ಕಡಿಮೆಯಾಗುವುದು ನಿಜ, ಆದರೆ ಆ ಹೊಡೆತವನ್ನೆಲ್ಲ ಕ್ಲಚ್ ಪ್ಲೇಟ್ ತಿನ್ನುತ್ತದೆ, ಪ್ರತಿ ಸಲ ಒಂದಿಷ್ಟು ಸವೆಯುತ್ತದೆ. ಕಲಿಯಬೇಕಾದದ್ದು ಬಲಗಾಲಿನ ಕೆಲಸ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಜರ್ಕ್ ಬರುವುದು ಯಾಕೆ?

ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ, ಹಾಗಾಗಿ ದಯವಿಟ್ಟು ಹಾರಿಸಿ ಓದಬೇಡಿ.

ಒಂದು ಸಣ್ಣ ಪೆಟ್ರೋಲ್ ಕಾರು, ಐದು ಗೇರಿನದು ಎಂದುಕೊಳ್ಳಿ. ಮೂರನೇ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಅದರ ಎಂಜಿನ್ ಸುಮಾರು 2000 ಆರ್‌ಪಿಎಂನಲ್ಲಿ ಇರುತ್ತದೆ. ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅನ್ನುವ ಲೆಕ್ಕ, ಮೀಟರಿನಲ್ಲಿ 1, 2, 3 ಎಂದು ಸಾವಿರಗಳಲ್ಲಿ ತೋರಿಸುತ್ತದೆ. ಅದೇ 40ರ ವೇಗ, ಆದರೆ ಎರಡನೇ ಗೇರು ಅಂದರೆ ಎಂಜಿನ್ ಸುಮಾರು 2900 ಸುತ್ತಬೇಕು. ಮೊದಲನೇ ಗೇರು ಅಂದರೆ 5000ಕ್ಕೂ ಜಾಸ್ತಿ. ಕಾರಿನಿಂದ ಕಾರಿಗೆ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತದೆ, ಲೆಕ್ಕ ಮಾತ್ರ ಇದೇ: ಗೇರ್ ಇಳಿದಷ್ಟೂ ಅದೇ ವೇಗಕ್ಕೆ ಎಂಜಿನ್ ಜಾಸ್ತಿ ತಿರುಗಬೇಕು.

ಈಗ ನೀವು ಮಾಡುವುದೇನು ನೋಡಿ. ಎಕ್ಸಲರೇಟರ್ ಬಿಡುತ್ತೀರಿ, ಕ್ಲಚ್ ಒತ್ತುತ್ತೀರಿ, ಮೂರರಿಂದ ಎರಡಕ್ಕೆ ಎಳೆಯುತ್ತೀರಿ. ಅಷ್ಟರಲ್ಲಿ ಎಂಜಿನ್ ಬಿದ್ದು 1200ರ ಆಸುಪಾಸಿಗೆ ಬಂದಿರುತ್ತದೆ. ಕ್ಲಚ್ ಬಿಟ್ಟ ಕೂಡಲೇ ಚಕ್ರಗಳು ಆ ಎಂಜಿನನ್ನು ಹಿಡಿದು 1200ರಿಂದ 2900ಕ್ಕೆ ಎಳೆದು ಏರಿಸಬೇಕು. ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಕಾರಿನ ಓಟದಿಂದಲೇ. ಅದಕ್ಕೇ ಮೂತಿ ಕೆಳಗೆ ಬಾಗುತ್ತದೆ, ಪಕ್ಕದಲ್ಲಿ ಕೂತವರ ತಲೆ ಮುಂದಕ್ಕೆ ಹೋಗುತ್ತದೆ.

ಓಡುತ್ತಿರುವ ಬಸ್ ಹತ್ತುವವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಆಮೇಲೆ ಮೆಟ್ಟಿಲಿಗೆ ಕಾಲಿಡುತ್ತಾನೆ ಅಲ್ವಾ, ಎಂಜಿನ್‌ಗೂ ಅದೇ ಬೇಕು. ಕ್ಲಚ್ ಒತ್ತಿರುವಾಗಲೇ ಸ್ವಲ್ಪ ರೇಸ್ ಕೊಟ್ಟು ಅದನ್ನು 2900ರ ಹತ್ತಿರ ತಂದುಬಿಟ್ಟರೆ ಚಕ್ರಕ್ಕೆ ಎಳೆಯುವ ಕೆಲಸವೇ ಉಳಿಯುವುದಿಲ್ಲ. ಇದಕ್ಕೆ ರೆವ್ ಮ್ಯಾಚಿಂಗ್ ಎನ್ನುತ್ತಾರೆ.

ಶುರು ಮಾಡುವ ಮುಂಚೆ

ಸೀಟು ಸರಿಯಾಗಿರಲಿ. ಕ್ಲಚ್ ಪೂರ್ತಿ ತಳದವರೆಗೆ ಒತ್ತಿದಾಗಲೂ ಎಡ ಮಂಡಿ ಸ್ವಲ್ಪ ಮಡಚಿಯೇ ಇರಬೇಕು. ಕಾಲು ನೇರವಾಗಿ ಚಾಚಿಕೊಂಡರೆ ಕೊನೆಯ ಒಂದಿಂಚು ಒತ್ತುವುದು ನಿಮಗೆ ಗೊತ್ತಿಲ್ಲದೆ ತಪ್ಪಿಹೋಗುತ್ತದೆ.

ಕಾರ್ಪೆಟ್ ಮೇಲೆ ಒಂದು ಮ್ಯಾಟ್, ಅದರ ಮೇಲೆ ಮಳೆಗಾಲಕ್ಕೆಂದು ಇನ್ನೊಂದು ರಬ್ಬರ್ ಮ್ಯಾಟ್ ಹಾಕಿದ್ದರೆ ಮೇಲಿನದನ್ನು ತೆಗೆಯಿರಿ. ಅದು ಮುಂದೆ ಜಾರಿ ಕ್ಲಚ್ ಪೆಡಲಿನ ಅಡಿಗೆ ಸೇರಿಕೊಳ್ಳುತ್ತದೆ, ಪೆಡಲ್ ತಳ ಮುಟ್ಟುವುದಿಲ್ಲ. ಬ್ರೇಕಿನ ಅಡಿಗೆ ಹೋದರೆ ಕಥೆ ಇನ್ನೂ ಕೆಟ್ಟದು. ಹವಾಯಿ ಚಪ್ಪಲಿ ಬೇಡ.

ಇನ್ನೊಂದು ಕೆಲಸ: ಗ್ಲವ್ ಬಾಕ್ಸಿನಲ್ಲಿರುವ ಓನರ್ಸ್ ಮ್ಯಾನುಯಲ್ ತೆಗೆದು ನೋಡಿ. ಯಾವ ಗೇರಿಗೆ ಇಳಿಸಲು ಗರಿಷ್ಠ ವೇಗ ಎಷ್ಟು ಅನ್ನುವ ಪಟ್ಟಿ ಎಷ್ಟೋ ಕಾರುಗಳ ಪುಸ್ತಕದಲ್ಲಿ ಇರುತ್ತದೆ. ನಿಮ್ಮ ಕಾರಿನದು ಗೊತ್ತಿರಲಿ.

ಆರ್‌ಪಿಎಂ ಮೀಟರ್ ಇಲ್ಲದ ಕಾರೂ ಬೇಕಾದಷ್ಟಿವೆ. ಪರವಾಗಿಲ್ಲ, ಕಿವಿ ಸಾಕು. ಕಲಿಯುವಾಗ ಹಾಡು ಆಫ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ.

ಈಗ ಗೇರ್ ಇಳಿಸೋಣ

1. ಮೊದಲು ಬ್ರೇಕ್, ಆಮೇಲೆ ಗೇರ್

ವೇಗ ಕಡಿಮೆ ಮಾಡುವುದು ಬ್ರೇಕಿನ ಕೆಲಸ. ಗೇರ್ ಇಳಿಸಿ ಗಾಡಿ ನಿಲ್ಲಿಸುವ ಅಭ್ಯಾಸ ಬೇಡ, ಬ್ರೇಕ್ ಪ್ಯಾಡಿಗಿಂತ ಕ್ಲಚ್ ಸೆಟ್ ಬದಲಿಸುವುದು ತುಂಬಾ ದುಬಾರಿ. ಮುಂದೆ ಹಂಪ್ ಕಂಡಿತು, ನೀವು 80ರಲ್ಲಿ ಐದನೇ ಗೇರಿನಲ್ಲಿ ಇದ್ದೀರಿ ಎಂದುಕೊಳ್ಳಿ. ಐದು, ನಾಲ್ಕು, ಮೂರು, ಎರಡು ಎಂದು ಒಂದೊಂದೇ ಇಳಿಸುತ್ತಾ ಬರಬೇಕಾಗಿಲ್ಲ. ಐದರಲ್ಲೇ ಬ್ರೇಕ್ ಹಾಕುತ್ತಾ 40ಕ್ಕೆ ಬನ್ನಿ, ಅಲ್ಲಿ ಕ್ಲಚ್ ಒತ್ತಿ, ಇನ್ನೂ ನಿಧಾನವಾಗಿ 20ರ ಹತ್ತಿರ ಬಂದಾಗ ನೇರ ಎರಡಕ್ಕೆ ಹಾಕಿ. ಗೇರ್ ಹಾರಿಸಿ ಇಳಿಸಿದರೆ ಗೇರ್‌ಬಾಕ್ಸ್ ಹಾಳಾಗುತ್ತದೆ ಅನ್ನುವ ಮಾತಿದೆಯಲ್ಲ, ವೇಗ ಆ ಗೇರಿಗೆ ತಕ್ಕಷ್ಟು ಇಳಿದಿದ್ದರೆ ಏನೂ ಆಗುವುದಿಲ್ಲ.

2. ಕ್ಲಚ್ ಪೂರ್ತಿ, ಕೈ ಹಗುರ

ಕ್ಲಚ್ ತಳ ಮುಟ್ಟಲಿ. ಅರ್ಧ ಒತ್ತಿ ಗೇರ್ ಎಳೆದರೆ ಗರ್ ಎಂದು ಶಬ್ದ ಬರುತ್ತದೆ. ಅಲ್ಲಿ ನೋವಾಗುತ್ತಿರುವುದು ಸಿಂಕ್ರೊ ರಿಂಗಿಗೆ. ಗೇರ್‌ಬಾಕ್ಸ್ ಒಳಗೆ ಪ್ರತಿ ಗೇರಿನ ಪಕ್ಕ ಒಂದು ಉಂಗುರ ಇರುತ್ತದೆ, ಹೆಚ್ಚಾಗಿ ಹಿತ್ತಾಳೆಯದು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಒಂದೇ ವೇಗಕ್ಕೆ ತರುವುದು ಅದರ ಕೆಲಸ. ಆ ಕೆಲಸಕ್ಕೆ ಅರೆಕ್ಷಣ ಬೇಕು. ಲಿವರ್ ಒಂದು ಕಡೆ ಸಣ್ಣಗೆ ತಡೆದು, ಆಮೇಲೆ ತಾನಾಗಿ ಒಳಗೆ ಎಳೆದುಕೊಂಡ ಹಾಗೆ ಹೋಗುವುದು ಕೈಗೆ ತಿಳಿಯುತ್ತದೆ. ಆ ತಡೆಯನ್ನು ಗುದ್ದಿ ದಾಟಿಸಬೇಡಿ.

ಇಲ್ಲಿ ಒಂದು ಅಪಾಯ ಇದೆ, ಜಾಗ್ರತೆ. ಹೈವೇಯಲ್ಲಿ ಐದರಿಂದ ನಾಲ್ಕಕ್ಕೆ ಇಳಿಸುವಾಗ ಲಿವರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಎಡಕ್ಕೆ ಎಳೆದುಬಿಟ್ಟರೆ ಅದು ನಾಲ್ಕನ್ನು ದಾಟಿ ಎರಡಕ್ಕೆ ಬೀಳಬಹುದು. 100ರ ವೇಗದಲ್ಲಿ ಎರಡನೇ ಗೇರು ಅಂದರೆ ಎಂಜಿನ್ 7000 ದಾಟಿ ತಿರುಗಬೇಕು, ಸಾಮಾನ್ಯ ಪೆಟ್ರೋಲ್ ಕಾರಿನ ಕೆಂಪು ಗೆರೆ, ಅಂದರೆ ಎಂಜಿನ್ ದಾಟಬಾರದ ಮಿತಿ, 6000ದಿಂದ 6500ರ ಹತ್ತಿರ ಇರುತ್ತದೆ. ಎಂಜಿನ್‌ನ ರೆವ್ ಲಿಮಿಟರ್ (ಕೆಂಪು ಗೆರೆ ದಾಟದಂತೆ ಇಂಧನ ತಡೆಯುವ ವ್ಯವಸ್ಥೆ) ಇಲ್ಲಿ ಕಾಪಾಡುವುದಿಲ್ಲ, ಯಾಕೆಂದರೆ ಎಂಜಿನನ್ನು ತಿರುಗಿಸುತ್ತಿರುವುದು ಪೆಟ್ರೋಲ್ ಅಲ್ಲ, ಚಕ್ರ. ವಾಲ್ವ್ ಬಾಗಿ ಎಂಜಿನ್ ಬಿಚ್ಚುವ ಕೆಲಸ ಬರಬಹುದು, ಮುಂದಿನ ಚಕ್ರ ಜಾರಿ ಗಾಡಿಯೇ ಕೈ ತಪ್ಪಬಹುದು.

ತಪ್ಪಿಸುವುದು ಸುಲಭ. ಐದರಿಂದ ನ್ಯೂಟ್ರಲ್‌ಗೆ ಎಳೆಯಿರಿ, ಅಲ್ಲಿ ಕ್ಷಣಕಾಲ ಬೆರಳು ಸಡಿಲ ಬಿಡಿ. ಒಳಗಿನ ಸ್ಪ್ರಿಂಗ್ ಲಿವರನ್ನು ತಾನಾಗಿ ನಡುವೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಅಂಗೈಯಿಂದ ನೇರ ಹಿಂದಕ್ಕೆ. ಎಡಕ್ಕೆ ಒಂದಿಷ್ಟೂ ಬೇಡ.

3. ಕ್ಲಚ್ ಒತ್ತಿರುವಾಗಲೇ ಸಣ್ಣ ರೇಸ್

ಎಲ್ಲ ಕೌಶಲ ಇರುವುದು ಇಲ್ಲೇ. ಲಿವರ್ ಮೂರರಿಂದ ಎರಡಕ್ಕೆ ಹೋಗುತ್ತಿರುವಾಗ ಬಲಗಾಲಿನಿಂದ ಎಕ್ಸಲರೇಟರನ್ನು ಒಮ್ಮೆ ಮೆಲ್ಲಗೆ ತಟ್ಟಿ. ಇಡೀ ಪಾದ ಬೇಡ, ಬೆರಳಿನ ಬುಡ ಸಾಕು. ಮುಳ್ಳು 2900ರ ಹತ್ತಿರ ಜಿಗಿಯಬೇಕು.

ಎಷ್ಟು ರೇಸ್? ಸುಮಾರಾಗಿ ಹೀಗೆ ನೆನಪಿಟ್ಟುಕೊಳ್ಳಿ: ಮೂರರಿಂದ ಎರಡಕ್ಕಾದರೆ ಈಗಿರುವ ಆರ್‌ಪಿಎಂ ಮೇಲೆ ಅದರ ಅರ್ಧದಷ್ಟು ಜಾಸ್ತಿ, ನಾಲ್ಕರಿಂದ ಮೂರಕ್ಕೆ ಮೂರನೇ ಒಂದು ಭಾಗದಷ್ಟು, ಐದರಿಂದ ನಾಲ್ಕಕ್ಕೆ ಕಾಲು ಭಾಗದಷ್ಟು. ಗೇರ್ ಕೆಳಗಿಳಿದಷ್ಟೂ ಅಂತರ ದೊಡ್ಡದು, ಅದಕ್ಕೇ ಮೂರರಿಂದ ಎರಡರಲ್ಲೇ ಎಲ್ಲರಿಗೂ ಜರ್ಕ್ ಜಾಸ್ತಿ ಬರುವುದು. ಎರಡರಿಂದ ಒಂದಕ್ಕಂತೂ ಬಹುತೇಕ ದುಪ್ಪಟ್ಟು ಬೇಕು. ಗಾಡಿ ಹೆಚ್ಚುಕಡಿಮೆ ನಿಂತಿದೆ ಅನ್ನುವವರೆಗೆ ಒಂದನೇ ಗೇರಿನ ಆಸೆ ಬಿಟ್ಟುಬಿಡಿ.

ತಟ್ಟುವುದು ಕೈಗೆ ಹತ್ತುವವರೆಗೆ ಇನ್ನೂ ಸುಲಭದ ದಾರಿ ಒಂದಿದೆ. ಬ್ರೇಕ್ ಬೇಕಿಲ್ಲದ ಸಮಯದಲ್ಲಿ, ಅಂದರೆ ಓವರ್‌ಟೇಕ್‌ಗೋ ಏರಿಗೋ ಗೇರ್ ಇಳಿಸುವಾಗ, ಕ್ಲಚ್ ಒತ್ತಿದರೂ ಎಕ್ಸಲರೇಟರಿನಿಂದ ಕಾಲು ಪೂರ್ತಿ ತೆಗೆಯಬೇಡಿ. ಸುಮ್ನೆ ಇದ್ದಲ್ಲೇ ಹಗುರವಾಗಿ ಇರಲಿ. ಕ್ಲಚ್ ಒತ್ತಿದ ಕೂಡಲೇ ಎಂಜಿನ್ ಮೇಲಿನ ಭಾರ ಹೋಗಿ ಆರ್‌ಪಿಎಂ ತಾನಾಗಿ ಸ್ವಲ್ಪ ಏರುತ್ತದೆ. ನಮಗೂ ಅದೇ ಬೇಕಾಗಿತ್ತು. ನಾನು ಹೊಸಬರಿಗೆ ಮೊದಲು ಹೇಳಿಕೊಡುವುದು ಈ ವಿಧಾನವನ್ನೇ.

ಡೀಸೆಲ್ ಕಾರಿನವರು ಗಮನಿಸಿ. ಡೀಸೆಲ್ ಎಂಜಿನ್ ನಿಧಾನವಾಗಿ ಏರುತ್ತದೆ, ಅದಕ್ಕೆ ಪಟ್ ಎಂದು ತಟ್ಟಿದರೆ ಸಾಲದು, ಒಂದು ಕ್ಷಣ ಒತ್ತಿ ಹಿಡಿಯಬೇಕು. ಕೆಂಪು ಗೆರೆಯೂ ಪೆಟ್ರೋಲ್‌ಗಿಂತ ಕೆಳಗೆ, 4500–5000ದ ಹತ್ತಿರ ಇರುತ್ತದೆ.

4. ಎಂಜಿನ್ ಬೀಳುವ ಮುಂಚೆ ಕ್ಲಚ್ ಬಿಡಿ

ರೇಸ್ ಕೊಟ್ಟು ಯೋಚಿಸುತ್ತಾ ಕೂತರೆ ಮುಳ್ಳು ಮತ್ತೆ ಕೆಳಗೆ ಬಂದಿರುತ್ತದೆ, ಕೊಟ್ಟ ರೇಸ್ ದಂಡ. ಮುಳ್ಳು ಮೇಲಿರುವಾಗಲೇ ಕ್ಲಚ್ ಬಿಡಿ. ಕ್ಲಚ್ ಹಿಡಿಯಲು ಶುರುವಾಗುವ ಜಾಗಕ್ಕೆ, ಬೈಟಿಂಗ್ ಪಾಯಿಂಟ್ ಎನ್ನುತ್ತಾರಲ್ಲ ಅಲ್ಲಿಯವರೆಗೆ ಬೇಗ ಬನ್ನಿ. ಅಲ್ಲಿ ಅರೆಕ್ಷಣ ನಿಲ್ಲಿಸಿ ಪೂರ್ತಿ ಬಿಡಿ.

ಸರಿಯಾಯಿತೋ ಇಲ್ಲವೋ ಎಂದು ಕಾರೇ ಹೇಳುತ್ತದೆ. ಕ್ಲಚ್ ಬಿಟ್ಟಾಗ ಮೂತಿ ಬಾಗಿ ಎಂಜಿನ್ ಶಬ್ದ ಒಮ್ಮೆಲೇ ಏರಿದರೆ ರೇಸ್ ಸಾಲಲಿಲ್ಲ. ಗಾಡಿ ಮುಂದಕ್ಕೆ ಜಿಗಿದು ಶಬ್ದ ಇಳಿದರೆ ರೇಸ್ ಜಾಸ್ತಿಯಾಯಿತು. ಶಬ್ದ ಏರದೆ ಇಳಿಯದೆ ಹಾಗೇ ಮುಂದುವರಿದು, ಗೇರ್ ಬಿದ್ದದ್ದೇ ಪಕ್ಕದವರಿಗೆ ಗೊತ್ತಾಗದಿದ್ದರೆ ಸರಿಯಾಗಿದೆ ಎಂದರ್ಥ.

5. ಎಡಗಾಲು ಕ್ಲಚ್ ಮೇಲಿಂದ ತೆಗೆದು ಪಕ್ಕದಲ್ಲಿಡಿ

ಪಾದ ಸುಮ್ನೆ ಪೆಡಲ್ ಮೇಲೆ ಇಟ್ಟುಕೊಂಡರೂ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸವೆಯುತ್ತದೆ.

ಎಲ್ಲಿ ಅಭ್ಯಾಸ ಮಾಡಬೇಕು? ಊರಾಚೆ ಹೊಸ ಲೇಔಟಿನ ಖಾಲಿ ರಸ್ತೆ, ಬೆಳಗಿನ ಹೊತ್ತು. 40ರ ವೇಗದಲ್ಲಿ ಮೂರರಿಂದ ಎರಡಕ್ಕೆ, ಮತ್ತೆ ಮೂರಕ್ಕೆ, ಮತ್ತೆ ಎರಡಕ್ಕೆ. ಬ್ರೇಕ್ ಇಲ್ಲದೆ ಇದೊಂದು ಚೆನ್ನಾಗಿ ಬರಲಿ. ಟ್ರಾಫಿಕ್ಕಿನಲ್ಲಿ ಕಲಿಯಲು ಹೋಗಬೇಡಿ.

ಓವರ್‌ಟೇಕ್ ಮತ್ತು ಏರು

ಎರಡು ಲೇನಿನ ರಸ್ತೆಯಲ್ಲಿ ಲಾರಿ ದಾಟಬೇಕಾದರೆ ಬಲಕ್ಕೆ ಬಂದ ಮೇಲೆ ಗೇರ್ ಹುಡುಕಬೇಡಿ. ಲಾರಿಯ ಹಿಂದೆ ಸಾಕಷ್ಟು ಅಂತರದಲ್ಲಿ ಇರುವಾಗಲೇ ಮೂರಕ್ಕೆ ಇಳಿಸಿ, ಪಿಕಪ್ ಸಿಗುತ್ತಿದೆ ಎಂದು ಖಚಿತವಾದ ಮೇಲೆ, ಎದುರು ಖಾಲಿ ಇದ್ದರೆ ಹೊರಬನ್ನಿ.

ಘಾಟಿ ಹತ್ತುವಾಗ ತಿರುವಿನ ಒಳಗೆ ಗೇರ್ ಬದಲಿಸುವುದೇ ಎಲ್ಲರೂ ಮಾಡುವ ತಪ್ಪು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಪ್ರತಿಯೊಂದರಲ್ಲೂ ಸ್ಟಿಯರಿಂಗ್ ಪೂರ್ತಿ ತಿರುಗಿಸಲು ಎರಡೂ ಕೈ ಬೇಕು. ತಿರುವು ಶುರುವಾಗುವ ಮುಂಚಿನ ನೇರ ರಸ್ತೆಯಲ್ಲೇ ಎರಡಕ್ಕೆ ಇಳಿಸಿಬಿಡಿ. ಏರಿನಲ್ಲಿ ಕ್ಲಚ್ ಒತ್ತಿದ ಕೂಡಲೇ ಗಾಡಿ ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಕೆಲಸ ಬೇಗ ಆಗಬೇಕು, ರೇಸ್ ಸಹ ಸಮತಟ್ಟು ರಸ್ತೆಗಿಂತ ಸ್ವಲ್ಪ ಕಡಿಮೆ ಸಾಕು. ಎಂಜಿನ್ ನಡುಗುತ್ತಾ ಒದ್ದಾಡುವವರೆಗೆ ಮೂರರಲ್ಲೇ ಎಳೆಯುವುದೂ ಬೇಡ, ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಏರಿನ ಮೇಲೆ ನಿಲ್ಲಿಸಿಕೊಳ್ಳುವುದಂತೂ ಬೇಡವೇ ಬೇಡ. ಸುಟ್ಟ ವಾಸನೆ ಮೂಗಿಗೆ ಬಂತೆಂದರೆ ಅದು ಕ್ಲಚ್ ಪ್ಲೇಟ್. ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ.

ಘಾಟಿ ಇಳಿಯುವಾಗ

ಇದನ್ನು ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಗೇರ್ ಇಳಿಸುವುದು ಆರಾಮಕ್ಕಲ್ಲ, ಜೀವಕ್ಕೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುತ್ತಿದ್ದೀರಿ, ಮೂರನೇ ಗೇರು, ಪ್ರತಿ ತಿರುವಿಗೂ ಬ್ರೇಕ್. ಬ್ರೇಕ್ ಒತ್ತಿದಾಗಲೆಲ್ಲ ಕಾರಿನ ಓಟ ಬಿಸಿಯಾಗಿ ಡಿಸ್ಕ್ ಮತ್ತು ಪ್ಯಾಡಿಗೆ ಸೇರುತ್ತದೆ, ಆರಲು ಬಿಡುವು ಸಿಗುವುದಿಲ್ಲ. ಸ್ವಲ್ಪ ದೂರದಲ್ಲಿ ಪ್ಯಾಡಿನ ಹಿಡಿತ ಕಡಿಮೆಯಾಗುತ್ತದೆ. ಇದಕ್ಕೆ ಬ್ರೇಕ್ ಫೇಡ್ ಎನ್ನುತ್ತಾರೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನಂಶ ಸೇರಿದ್ದರೆ ಅದು ಕುದಿದು ಗುಳ್ಳೆಯಾಗಿ, ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ತಪ್ಪಿಸಲು ಇರುವುದು ಎಂಜಿನ್ ಬ್ರೇಕಿಂಗ್, ಅಂದರೆ ಕೆಳಗಿನ ಗೇರಿನಲ್ಲಿ ಎಕ್ಸಲರೇಟರ್ ಬಿಟ್ಟು ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವಂತೆ ಮಾಡುವುದು.

ಯಾವ ಗೇರು? ಆ ಏರನ್ನು ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಹೆಚ್ಚಿನ ಕಡೆ ಅದು ಎರಡು. ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮುಂಚೆ, ಮೇಲಿನ ಸಮತಟ್ಟಿನಲ್ಲಿ. ಇಳಿಜಾರಿನ ನಡುವೆ ಕ್ಲಚ್ ಒತ್ತಿದರೆ ಏನಾಗುತ್ತದೆ ಯೋಚಿಸಿ: ಎಂಜಿನ್ ಹಿಡಿತ ತಪ್ಪಿ ಗಾಡಿ ವೇಗ ಪಡೆಯುತ್ತದೆ. ಮೂರರಿಂದ ಎರಡಕ್ಕೆ ಹೋಗುವ ಅಷ್ಟು ಹೊತ್ತಿನಲ್ಲೇ ವೇಗ ಏರಿರುತ್ತದೆ, ಎಂಜಿನ್ ಮಾತ್ರ ಬಿದ್ದಿರುತ್ತದೆ.

ಆದರೂ ನಡುವೆ ಇಳಿಸಲೇಬೇಕಾದರೆ ಹೀಗೆ ಮಾಡಿ. ಬ್ರೇಕ್ ಗಟ್ಟಿಯಾಗಿ ಹಾಕಿ 25–30ಕ್ಕೆ ತನ್ನಿ. ಬಲಗಾಲು ಬ್ರೇಕ್ ಮೇಲೇ ಇರಲಿ. ಕ್ಲಚ್ ಪೂರ್ತಿ ಒತ್ತಿ, ಎರಡಕ್ಕೆ ಹಾಕಿ, ಕ್ಲಚ್ಚನ್ನು ತಡೆದು ತಡೆದು ಬಿಡಿ. ರೇಸ್ ಕೊಡಲು ಇಲ್ಲಿ ಕಾಲಿಗೆ ಬಿಡುವಿಲ್ಲ, ಕೊಡುವುದೂ ಬೇಡ. ಪ್ಲೇಟ್ ಒಂದಿಷ್ಟು ಸವೆದರೆ ಸವೆಯಲಿ, ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು ಎಕ್ಸಲರೇಟರ್ ತಟ್ಟುವ ಪ್ರಯೋಗ ಯಾರೂ ಮಾಡಬಾರದು. ಎರಡು ಬೀಳದೆ ತಡೆದರೆ ಗಾಬರಿಯಾಗಿ ನ್ಯೂಟ್ರಲ್‌ನಲ್ಲಿ ಇರಬೇಡಿ, ವಾಪಸ್ ಮೂರಕ್ಕೆ ಹಾಕಿ, ಇನ್ನಷ್ಟು ವೇಗ ಇಳಿಸಿ, ಮತ್ತೆ ಪ್ರಯತ್ನಿಸಿ.

ಬಲಗಾಲಿನ ಒಂದು ಬದಿಯಿಂದ ಬ್ರೇಕ್, ಇನ್ನೊಂದು ಬದಿಯಿಂದ ಎಕ್ಸಲರೇಟರ್ ಒಟ್ಟಿಗೆ ಒತ್ತುವ ವಿಧಾನ ಒಂದಿದೆ, ಹೀಲ್ ಆಂಡ್ ಟೋ ಅಂತ. ರೇಸ್ ಟ್ರ್ಯಾಕಿನವರಿಗೆ ಅದು ಬೇಕು. ನಮ್ಮ ದಿನನಿತ್ಯದ ಓಡಾಟಕ್ಕೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಾಲು ಜಾರಿ ಬ್ರೇಕ್ ತಪ್ಪಿದರೆ ಘಾಟಿಯಲ್ಲಿ ಎರಡನೇ ಅವಕಾಶ ಇಲ್ಲ.

ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವವರು ಈಗಲೂ ಇದ್ದಾರೆ. ಉಲ್ಟಾ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಇಂಧನ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಸುಮ್ನೆ ತಿರುಗುತ್ತಿರಲು, ಅಂದರೆ ಐಡಲಿಂಗ್‌ಗೆ ಇಂಧನ ಸುಡಲೇಬೇಕು. ಇನ್ನು ಎಂಜಿನ್ ಆಫ್ ಮಾಡಿ ಇಳಿಯುವುದು ಆತ್ಮಹತ್ಯೆಗೆ ಸಮ. ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ನಾಲ್ಕೈದು ಸಲ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟಿಯರಿಂಗೂ ಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಎಚ್ಚರ ಬೇಕು. ಒದ್ದೆ ರಸ್ತೆಯಲ್ಲಿ ಎರಡಕ್ಕೆ ಹಾಕಿ ಕ್ಲಚ್ ಪಟ್ಟನೆ ಬಿಟ್ಟರೆ ಎಂಜಿನ್ ಚಕ್ರವನ್ನು ಒಮ್ಮೆಲೇ ಹಿಡಿಯುತ್ತದೆ, ಟಯರ್ ಜಾರುತ್ತದೆ. ಎಬಿಎಸ್ ಇದೆಯಲ್ಲ ಎನ್ನಬೇಡಿ, ಅದು ಬ್ರೇಕಿನಿಂದ ಚಕ್ರ ಲಾಕ್ ಆದರೆ ಬಿಡಿಸುತ್ತದೆ, ಎಂಜಿನ್ ಹಿಡಿದದ್ದನ್ನು ಬಿಡಿಸುವುದಿಲ್ಲ. ಮುಂದಿನ ಚಕ್ರ ಎಳೆಯುವ ಕಾರಾದರೆ ಸ್ಟಿಯರಿಂಗ್ ತಿರುಗಿಸಿದರೂ ನೇರ ಹೋಗುತ್ತದೆ, ಹಿಂದಿನ ಚಕ್ರ ಎಳೆಯುವ ಬೊಲೆರೊ, ಇನೋವಾ ಕ್ರಿಸ್ಟಾದಂಥ ಗಾಡಿಯಾದರೆ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ ಮುಗಿಸಿ ಅನ್ನುವುದು ಇದಕ್ಕೇ.

ಎಂಜಿನ್ ಬ್ರೇಕಿಂಗ್‌ನಲ್ಲಿ ನಿಮ್ಮ ಬ್ರೇಕ್ ಲೈಟ್ ಹತ್ತುವುದಿಲ್ಲ ಎಂಬುದೂ ನೆನಪಿರಲಿ. ಹಿಂದೆ ಬಸ್ಸು ಅಂಟಿಕೊಂಡು ಬರುತ್ತಿದ್ದರೆ ಪೆಡಲನ್ನು ಲೈಟ್ ಹತ್ತುವಷ್ಟು ಒಮ್ಮೆ ಮುಟ್ಟಿ. ಮತ್ತೆ, ಕಿರಿದಾದ ಘಾಟಿ ರಸ್ತೆಯಲ್ಲಿ ಹತ್ತಿ ಬರುವ ಗಾಡಿಗೆ ಮೊದಲ ದಾರಿ, ಇಳಿಯುವವರು ನಿಲ್ಲಬೇಕು. ಎರಡನೇ ಗೇರಿನಲ್ಲಿದ್ದರೆ ನಿಲ್ಲುವುದು ಸಲೀಸು.

ಎಲ್ಲ ಸರಿ ಮಾಡಿದರೂ ಜರ್ಕ್ ಬಂದರೆ

ಆಗ ಗಾಡಿಯನ್ನು ಅನುಮಾನಿಸಬಹುದು. ಎಕ್ಸಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಬಾನೆಟ್ ಒಳಗಿಂದ ದಡ್ ಎಂದು ಶಬ್ದ ಬಂದರೆ ಎಂಜಿನ್ ಮೌಂಟ್, ಅಂದರೆ ಎಂಜಿನ್ ಕೂರುವ ರಬ್ಬರ್ ಸವೆದಿರಬಹುದು. ಕೊನೆಯ ಗೇರಿನಲ್ಲಿ ಜೋರಾಗಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ.

ಕ್ಲಚ್ ತಳ ಮುಟ್ಟಿದ್ದರೂ ಎರಡನೇ ಗೇರ್ ಗರ್ ಎನ್ನುತ್ತಿದ್ದರೆ ಘಾಟಿ ಪ್ರಯಾಣಕ್ಕೆ ಮುಂಚೆ ಮೆಕ್ಯಾನಿಕ್‌ಗೆ ತೋರಿಸಿ. ಹಳೆ ಲಾರಿ ಡ್ರೈವರುಗಳು ಸಿಂಕ್ರೊ ಇಲ್ಲದ ಗೇರ್‌ಬಾಕ್ಸ್‌ನಲ್ಲಿ ಡಬಲ್ ಕ್ಲಚ್ ಹಾಕುತ್ತಿದ್ದರು, ಅಂದರೆ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ರೇಸ್ ಕೊಟ್ಟು, ಮತ್ತೆ ಒತ್ತಿ ಗೇರ್ ಹಾಕುವುದು. ಸಿಂಕ್ರೊ ಸವೆದ ಕಾರನ್ನು ಗ್ಯಾರೇಜ್ ತಲುಪಿಸುವವರೆಗೆ ಈ ಉಪಾಯ ಈಗಲೂ ನಡೆಯುತ್ತದೆ. ಅಲ್ಲಿ ಮೊದಲು ಕ್ಲಚ್ ಕೇಬಲ್ ಅಥವಾ ಕ್ಲಚ್ ಆಯಿಲ್ ನೋಡಲು ಹೇಳಿ, ಆಮೇಲೆ ಗೇರ್ ಆಯಿಲ್. ಇವೆರಡರಲ್ಲೂ ಸರಿಹೋಗದಿದ್ದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಿಸಿ.